ಕಲ್ಲಿನ ಸಂದಿಯ ಬಿಳಿ ಮೀಸೆ

ಹಗಲೆಲ್ಲ ಕಾಣುವುದು ಎರಡು ಉದ್ದನೆಯ ಬಿಳಿ ಮೀಸೆ, ಅಷ್ಟೇ. ಅಕ್ಕನ ಮಗ ಸಾಕಿರುವ ಮುಳ್ಳು ಲಾಬ್‌ಸ್ಟರ್ ಹವಳದ ತೊಟ್ಟಿಯ ಹಿಂಬದಿಯ ಕಲ್ಲುಗಳ ನಡುವೆ ಅಡಗಿರುತ್ತದೆ. ಜಾತಿ ಪ್ಯಾನ್ಯುಲಿರಸ್ ವರ್ಸಿಕಲರ್. ನೀಲಿ-ಹಸಿರು ಮೈ, ಮೇಲೆ ಬಿಳಿ ಗೆರೆ. ಅಮೆರಿಕದ ಲಾಬ್‌ಸ್ಟರಿಗಿರುವ ದಪ್ಪ ಇಕ್ಕಳಗಳು ಇದಕ್ಕಿಲ್ಲ. ಹಾಗಿದ್ದರೆ ಪಾಚಿ ತಿನ್ನಲೆಂದು ಬಿಟ್ಟ ಬಸವನಹುಳುಗಳ ಚಿಪ್ಪು ಒಡೆಯುತ್ತಿರುವುದು ಯಾರು?

*

ಇದೇ. ದೀಪ ಆರಿದ ಮೇಲೆ ಮಂದ ಕೆಂಪು ಬೆಳಕಿನಲ್ಲಿ ಕಂಡೆ. ಹುಳುವನ್ನು ಮುಂಗಾಲುಗಳಲ್ಲಿ ಎತ್ತಿ ಹಿಡಿದು ಚಿಪ್ಪಿನ ಬಾಯಿಯ ಅಂಚನ್ನು ದವಡೆಗೆ ಕೊಟ್ಟಿತು. ಒಂದು ಚೂರು ಮುರಿಯಿತು. ಚಿಪ್ಪನ್ನು ತುಸು ತಿರುಗಿಸಿತು. ಇನ್ನೊಂದು ಚೂರು. ಹುಳು ಒಳಗೊಳಗೆ ಸರಿದಂತೆ ಇದೂ ಅಂಚನ್ನು ಮುರಿಯುತ್ತಲೇ ಹೋಯಿತು. ಅವಸರವೇ ಇಲ್ಲ.

*

ಬೆಳಿಗ್ಗೆ ತೊಟ್ಟಿಯಲ್ಲಿ ಎರಡು ಲಾಬ್‌ಸ್ಟರ್! ಒಂದು ಅಲುಗಾಡದೆ ಬಿದ್ದಿದೆ. “ಸತ್ತಿಲ್ಲ ಮಾಮ, ಪೊರೆ ಬಿಟ್ಟಿದೆ” ಎಂದ. ಹತ್ತಿರದಿಂದ ನೋಡಿದರೆ ಕಾಲು, ಮೀಸೆ, ಕಣ್ಣಿನ ಮೇಲಿನ ತೆಳು ಪರೆ ಕೂಡ ಹಾಗೆಹಾಗೇ ಇವೆ. ಬೆನ್ನಿನ ಚಿಪ್ಪು ಬಾಲಕ್ಕೆ ಕೂಡುವಲ್ಲಿ ಮಾತ್ರ ಬಿರುಕು. ಇಡೀ ಪ್ರಾಣಿ ಆ ಬಿರುಕಿನಿಂದಲೇ ಹೊರಬಂದಿದೆ. ಅಷ್ಟುದ್ದದ ಮೀಸೆಯನ್ನು ಒಂದೂ ಮುರಿಯದಂತೆ ಹೇಗೆ ಎಳೆದುಕೊಂಡಿತು?

*

ಬಲೆ ಹತ್ತಿರ ಬಂದರೆ ‘ಕರ್ರ್’ ಎನ್ನುತ್ತದೆ. ಮೀಸೆಯ ಬುಡದ ಮೆತ್ತನೆಯ ಭಾಗ ಕಣ್ಣಿನ ಕೆಳಗಿನ ಉಬ್ಬಿನ ಮೇಲೆ ಅಂಟುತ್ತದೆ, ಜಾರುತ್ತದೆ, ಮತ್ತೆ ಅಂಟುತ್ತದೆ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಹೀಗೇ. ಜೀವವಿಜ್ಞಾನಿ ಶೀಲಾ ಪಾಟೆಕ್ 2001ರಲ್ಲಿ ಇದನ್ನು ತೋರಿಸಿಕೊಟ್ಟರು. ಗಟ್ಟಿ ಚಿಪ್ಪು ಬೇಕಿಲ್ಲವಾದ್ದರಿಂದ ಪೊರೆ ಬಿಟ್ಟು ಮೈ ಎಳಸಾಗಿರುವಾಗಲೂ ಸದ್ದು ಮಾಡಬಲ್ಲದು. ಅದಕ್ಕೆ ರಕ್ಷಣೆ ಅತಿ ಹೆಚ್ಚು ಬೇಕಾದದ್ದೂ ಆಗಲೇ. ನನಗೆ ಇದು ಬಹಳ ಹಿಡಿಸಿತು.

*

ಇದರ ರಕ್ತದಲ್ಲಿ ಆಮ್ಲಜನಕ ಹೊರುವ ಹೀಮೋಸಯನಿನ್‌ನಲ್ಲಿರುವುದು ತಾಮ್ರ. ಆದರೂ ಮೀನಿನ ಬಿಳಿ ಚುಕ್ಕೆ ರೋಗಕ್ಕೆಂದು ತೊಟ್ಟಿಗೆ ತಾಮ್ರದ ಔಷಧ ಹಾಕುವಂತಿಲ್ಲ, ಇದು ಬದುಕದು.

*

ಬಿಡದೆ ಕಾಡುತ್ತಿರುವುದು ಇನ್ನೊಂದು. ಬೋಲ್ಸ್ ಮತ್ತು ಲೋಮನ್ ಎಂಬ ಸಂಶೋಧಕರು ಫ್ಲೋರಿಡಾದಲ್ಲಿ ಕೆರಿಬಿಯನ್ ಮುಳ್ಳು ಲಾಬ್‌ಸ್ಟರುಗಳನ್ನು ದಾರಿ ಗೊತ್ತಾಗದಂತೆ ಮುಚ್ಚಿ, ಹತ್ತಾರು ಕಿಲೋಮೀಟರ್ ಆಚೆ ಒಯ್ದು, ಕಣ್ಣಿಗೂ ಮರೆ ಕಟ್ಟಿ ಬಿಟ್ಟರು. ಅವು ಹಿಡಿದ ಜಾಗದ ದಿಕ್ಕಿಗೇ ತಿರುಗಿದವು. ಭೂಮಿಯ ಕಾಂತಕ್ಷೇತ್ರವನ್ನು ಓದುತ್ತವೆ ಎಂದು 2003ರಲ್ಲಿ ಪ್ರಕಟಿಸಿದರು.

ನಮ್ಮ ತೊಟ್ಟಿಯಲ್ಲಿರುವುದು ಅದರ ಹತ್ತಿರದ ನಂಟ. ಅಲೆ ಎಬ್ಬಿಸುವ ಪಂಪನ್ನು ಗಾಜಿಗೆ ಅಂಟಿಸಿರುವುದು ಬಲವಾದ ಅಯಸ್ಕಾಂತದಿಂದ, ಲಾಬ್‌ಸ್ಟರಿನ ಬಿಲದಿಂದ ಒಂದು ಗೇಣು ದೂರದಲ್ಲಿ! ಇದಕ್ಕೂ ಆ ಶಕ್ತಿ ಇದ್ದರೆ ಹಗಲಿರುಳು ಏನು ಅನುಭವಿಸುತ್ತಿದೆ? ಪಂಪನ್ನು ಆ ತುದಿಗೆ ಸರಿಸು ಎಂದು ಹುಡುಗನಿಗೆ ಹೇಳಿದ್ದೇನೆ. ಬಿಲ ಬಿಟ್ಟು ಯಾವ ಕಡೆಯಿಂದ ಹೊರಡುತ್ತದೆ ಎಂದು ರಾತ್ರಿ ಕೂತು ಬರೆದಿಡಬೇಕು.