ವಿಳಾಸದ ಬಾಲ

ಲಕೋಟೆಯ ಮೇಲೆ ವಿಳಾಸ ಬರೆಯುವ ಹಳೆಯ ಕ್ರಮವನ್ನು ವಾಚಕರಲ್ಲಿ ಹಿರಿಯರಾದವರು ಮರೆತಿರಲಾರರು. ಮೊದಲು ಹೆಸರು, ಅದರ ಕೆಳಗೆ ಮನೆ, ಬೀದಿ, ಆಮೇಲೆ ಊರು, ಅಂಚೆ, ತಾಲ್ಲೂಕು, ಎಲ್ಲಕ್ಕೂ ಕೆಳಗೆ ಜಿಲ್ಲೆ. ಬರೆಯುವವನು ಮೇಲಿನಿಂದ ಕೆಳಕ್ಕೆ ಬರೆದರೂ ಅಂಚೆಯ ಮನೆಯಲ್ಲಿ ಕಾಗದಗಳನ್ನು ವಿಂಗಡಿಸುವವನು ಕೆಳಗಿನಿಂದ ಮೇಲಕ್ಕೆ ಓದುತ್ತಾನೆ. ಅವನಿಗೆ ಮೊದಲು ಬೇಕಾದುದು ಜಿಲ್ಲೆ. ಮನೆಯ ಯಜಮಾನನ ಹೆಸರು ಕೊನೆಯಲ್ಲಿ ಅಂಚೆಯವನಿಗೆ ಬೇಕಾಗುವುದೇ ಹೊರತು ಇವನಿಗಲ್ಲ.

ಅಂತರಜಾಲದ ವಿಳಾಸವೂ ಹೀಗೆಯೇ ಎಂಬುದನ್ನು ನನಗೆ ತಿಳಿಸಿಕೊಟ್ಟವರು ನಮ್ಮ ಸಂಘದ ಹಿಂದಿನ ಕಾರ್ಯದರ್ಶಿಗಳು. ಅವರು ಈಗ ಇಲ್ಲ. ನಾವು ಎಡದಿಂದ ಬಲಕ್ಕೆ ಬರೆಯುವ ಆ ಹೆಸರನ್ನು ಯಂತ್ರವು ಬಲದಿಂದ ಎಡಕ್ಕೆ ಓದುತ್ತದೆ. ಕಟ್ಟಕಡೆಯ ಬಿಂದುವಿನ ಆಚೆಗೆ ಇರುವ ಎರಡು ಮೂರು ಅಕ್ಷರಗಳೇ ಅದಕ್ಕೆ ಜಿಲ್ಲೆ. ಡಾಟ್ ಕಾಂ, ಡಾಟ್ ಆರ್ಗ್, ಡಾಟ್ ಇನ್ ಎಂದು ನಾವು ದಿನವೂ ಉಚ್ಚರಿಸುವುದು ಇದನ್ನೇ. ಇಂಗ್ಲಿಷ್ ಬಲ್ಲವರು ಇದನ್ನು ಎಕ್ಸ್‌ಟೆನ್ಷನ್ ಎನ್ನುವರು. ನಮ್ಮ ಕಾರ್ಯದರ್ಶಿಗಳು ಬಾಲ ಎನ್ನುತ್ತಿದ್ದರು. ನಾನೂ ಅವರ ಮಾತನ್ನೇ ಇಟ್ಟುಕೊಂಡಿದ್ದೇನೆ.

2009ರಲ್ಲಿ ನಮ್ಮ ಸಂಘಕ್ಕೆ ಒಂದು ವಿಳಾಸವನ್ನು ಮಾಡಿಸಿದವರು ಅವರೇ. ಆಗ ಆಯ್ಕೆಯ ತೊಡಕು ಅಷ್ಟಾಗಿ ಇರಲಿಲ್ಲ. ವ್ಯಾಪಾರಿಗಳಿಗೆ ಕಾಂ, ಸಂಘಸಂಸ್ಥೆಗಳಿಗೆ ಆರ್ಗ್ ಎಂಬ ರೂಢಿಯಿದ್ದಿತು. 1984-85ರಲ್ಲಿ ಅಮೆರಿಕದಲ್ಲಿ ಈ ಬಾಲಗಳನ್ನು ಮೊದಲು ಗೊತ್ತುಮಾಡಿದಾಗ ವ್ಯಾಪಾರ, ವಿದ್ಯೆ, ಸರಕಾರ, ಸೈನ್ಯ, ಸಂಸ್ಥೆ, ಜಾಲ ಎಂದು ಬೆರಳೆಣಿಕೆಯ ವಿಭಾಗಗಳನ್ನು ಮಾಡಿದ್ದರು. ಅವಲ್ಲದೆ ದೇಶಕ್ಕೊಂದರಂತೆ ಎರಡೆರಡು ಅಕ್ಷರಗಳು. 1985ರ ಮಾರ್ಚ್ 15ರಂದು ಮೊತ್ತಮೊದಲ ಕಾಂ ಹೆಸರು ದಾಖಲಾಯಿತು. 1995ರವರೆಗೆ ಇವುಗಳಿಗೆ ಹಣವನ್ನೂ ಕೇಳುತ್ತಿರಲಿಲ್ಲವೆಂದರೆ ಇಂದಿನವರು ನಂಬಲಾರರು. ಆಮೇಲೆ ವರ್ಷಕ್ಕೆ 50 ಡಾಲರ್ ಎಂದಾಯಿತು; ಹೆಸರು ಸೊತ್ತಾಯಿತು; ಸೊತ್ತಾದ ಮೇಲೆ ಸಂತೆ ಕೂಡದೆ ಇರುವುದೇ?

ಈ ಬಾಲಗಳ ಮೇಲ್ವಿಚಾರಣೆಗೆಂದು 1998ರಲ್ಲಿ ಐಕಾನ್ ಎಂಬ ಸಂಸ್ಥೆ ಹುಟ್ಟಿತು. ಕಾಂ ಒಂದರ ದೊರೆತನವನ್ನು ಸಡಿಲಿಸಬೇಕು, ಪೈಪೋಟಿ ಇದ್ದರೆ ಜನಕ್ಕೆ ಲಾಭ ಎಂಬುದು ಅದರ ಉದ್ದೇಶಗಳಲ್ಲೊಂದು. 2000ದಲ್ಲಿ ಏಳು ಹೊಸ ಬಾಲಗಳಿಗೆ ಒಪ್ಪಿಗೆ ದೊರೆಯಿತು. ಅವುಗಳಲ್ಲಿ ಇನ್ಫೋ, ಬಿಜ್ ಎಂಬೆರಡು ಅಲ್ಲಲ್ಲಿ ಕಾಣುತ್ತವೆ. ವಸ್ತುಸಂಗ್ರಹಾಲಯಗಳಿಗೆಂದೇ ಮ್ಯೂಸಿಯಂ ಎಂಬ ಬಾಲವನ್ನೂ ಮಾಡಿದ್ದರು. ಅದನ್ನು ಧರಿಸಿದ ಒಂದು ಸಂಗ್ರಹಾಲಯವನ್ನೂ ನಾನು ಈವರೆಗೆ ಕಾಣೆನು.

ನಿಜವಾದ ಸಂತೆ ನೆರೆದದ್ದು 2012ರಲ್ಲಿ. ಯಾವ ಪದವನ್ನಾದರೂ ಬಾಲವಾಗಿ ಬೇಡಬಹುದು, ಅರ್ಜಿಯೊಂದಕ್ಕೆ 1,85,000 ಡಾಲರ್ ಶುಲ್ಕ ಎಂದು ಸಾರಿದರು. ಬಂದ ಅರ್ಜಿಗಳು 1,930. ಆಪ್ ಎಂಬ ಮೂರಕ್ಷರದ ಪದವೊಂದನ್ನೇ ಹದಿಮೂರು ಮಂದಿ ಬೇಡಿದರು. 2015ರಲ್ಲಿ ಅದು ಹರಾಜಿಗೆ ಬಂದು ಗೂಗಲ್ ಸಂಸ್ಥೆಗೆ ಎರಡೂವರೆ ಕೋಟಿ ಡಾಲರಿಗೆ ದಕ್ಕಿತು. ಮರುವರ್ಷ ಶಾಪ್ ಎಂಬುದು ನಾಲ್ಕು ಕೋಟಿ ಡಾಲರನ್ನು ಮೀರಿತು. ಅದೇ ವರ್ಷ ವೆಬ್ ಎಂಬ ಪದವು ಹದಿಮೂರೂವರೆ ಕೋಟಿ ಡಾಲರಿಗೆ ಹೋಯಿತು. ಹರಾಜಿನಲ್ಲಿ ಗೆದ್ದವರ ಹೆಸರನ್ನು ಯಾರೂ ಕೇಳಿರಲಿಲ್ಲ. ಅವರಿಗೆ ಹಣ ಒದಗಿಸಿದವರು, ಕಾಂ ಬಾಲವನ್ನೇ ನಡೆಸುತ್ತಿರುವ ವೆರಿಸೈನ್ ಸಂಸ್ಥೆಯವರೆಂದು ಕೆಲವೇ ದಿನಗಳಲ್ಲಿ ಹೊರಬಿದ್ದಿತು. ಎದುರಾಳಿಯ ಅಂಗಡಿಯನ್ನು ತೆರೆಯುವ ಮುನ್ನವೇ ಕೊಳ್ಳುವ ಈ ಬಗೆಯ ಪೈಪೋಟಿಯನ್ನು ಸಂಸ್ಥಾಪಕರು ಎಣಿಸಿರಲಿಕ್ಕಿಲ್ಲ. ಆ ಪದದ ವ್ಯಾಜ್ಯ ಅನಂತರ ವರ್ಷಗಟ್ಟಲೆ ನಡೆಯಿತು.

ಇನ್ನೊಂದು ವ್ಯಾಜ್ಯ ನನ್ನ ಮನಸ್ಸಿಗೆ ಹೆಚ್ಚು ನಾಟಿದೆ. ಅಮೆಜಾನ್ ಎಂಬ ಬಾಲವನ್ನು ಅದೇ ಹೆಸರಿನ ವ್ಯಾಪಾರಿ ಸಂಸ್ಥೆ ಬೇಡಿತು. ಅದು ನಮ್ಮ ನದಿಯ ಹೆಸರು ಎಂದು ಬ್ರೆಜಿಲ್, ಪೆರು ಮೊದಲಾದ ದೇಶಗಳು ತಡೆದವು. ಏಳು ವರ್ಷ ಮಾತುಕತೆ ನಡೆದು, 2019ರಲ್ಲಿ ತೀರ್ಮಾನವು ವ್ಯಾಪಾರಿಯ ಕಡೆಗೇ ಒಲಿಯಿತು. ಪಟಗೋನಿಯ ಎಂಬ ಹೆಸರಿನ ಉಡುಪಿನ ಕಂಪನಿಯೊಂದು ಮಾತ್ರ ಆ ನಾಡಿನವರ ಆಕ್ಷೇಪವನ್ನು ಕೇಳಿ 2013ರಲ್ಲೇ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡಿತು. ನಮ್ಮ ಕಾವೇರಿಯನ್ನೋ ತುಂಗೆಯನ್ನೋ ನಾಳೆ ಯಾರಾದರೂ ಹೀಗೆ ಬೇಡಿದರೆ ಏನು ಮಾಡುವುದೆಂದು ಕಾರ್ಯದರ್ಶಿಗಳು ಒಂದು ಸಂಜೆಯೆಲ್ಲ ವಾದಿಸಿದ್ದರು. 2026ರ ಎರಡನೆಯ ಸುತ್ತಿಗೆ ಶುಲ್ಕವನ್ನು 2,27,000 ಡಾಲರೆಂದು ಗೊತ್ತುಮಾಡಿದ್ದಾರೆ. ನದಿಗಳಿಗೆ ಅಷ್ಟು ಹಣವೆಲ್ಲಿಯದು!

ಈ ಸಂತೆಯಲ್ಲಿ ಬಡವರಿಗೂ ಕೆಲವು ವೇಳೆ ಅದೃಷ್ಟ ಖುಲಾಯಿಸಿದ್ದುಂಟು. ಪೆಸಿಫಿಕ್ ಸಾಗರದ ತುವಾಲು ದ್ವೀಪಕ್ಕೆ ಅಕಸ್ಮಾತ್ತಾಗಿ ಬಂದ ಎರಡಕ್ಷರ ಟಿವಿ. ಅದನ್ನು ಗುತ್ತಿಗೆ ಕೊಟ್ಟು ಬಂದ ಹಣದ ಬಲದಿಂದ ಆ ಪುಟ್ಟ ದೇಶ 2000ದಲ್ಲಿ ವಿಶ್ವಸಂಸ್ಥೆಯ ಸದಸ್ಯತ್ವ ಪಡೆಯಿತು. ಅಂಗ್ವಿಲ ಎಂಬ ಕೆರಿಬಿಯನ್ ದ್ವೀಪಕ್ಕೆ ಎಐ ಎಂಬ ಬಾಲವಿದೆ. ಕೃತಕ ಬುದ್ಧಿಯ ಹುಚ್ಚು ಲೋಕಕ್ಕೆ ಹಿಡಿದ ಮೇಲೆ, 2023ರಲ್ಲಿ ಅಲ್ಲಿಯ ಸರಕಾರದ ಆದಾಯದಲ್ಲಿ ಐದನೆಯ ಒಂದು ಪಾಲು ಈ ಎರಡಕ್ಷರಗಳಿಂದಲೇ ಬಂದಿತು. ಟೋಕೆಲಾವ್ ಎಂಬ ಇನ್ನೊಂದು ದ್ವೀಪದ ಬಾಲವನ್ನು ಹೊರಗಿನವರು ವಹಿಸಿಕೊಂಡು ಪುಕ್ಕಟೆಯಾಗಿ ಹಂಚಿದರು. ಲಕ್ಷಾಂತರ ಹೆಸರುಗಳು ಹೋದುವು. ಅವುಗಳೊಳಗೆ ವಂಚಕರು ಬೀಡುಬಿಟ್ಟು, 2023ರಲ್ಲಿ ಹಂಚಿಕೆಯೇ ನಿಂತಿತು.

ಇಷ್ಟೆಲ್ಲ ನನಗೆ ಏಕೆ ಬೇಕಾಯಿತು ಎಂದು ವಾಚಕರು ಕೇಳಬಹುದು. ಬೇಕಾದದ್ದು ನನ್ನ ತಪ್ಪಿನಿಂದ.

2019ರ ಕೊನೆಯಲ್ಲಿ ಆರ್ಗ್ ಬಾಲವನ್ನು ನಡೆಸುವ ಸಂಸ್ಥೆಯನ್ನೇ ಒಂದು ಬಂಡವಾಳ ಕೂಟಕ್ಕೆ ನೂರು ಕೋಟಿ ಡಾಲರಿಗೂ ಮಿಕ್ಕ ಬೆಲೆಗೆ ಮಾರುವ ಪ್ರಸ್ತಾಪ ಎದ್ದಿತು. ಬೆಲೆಯ ಮೇಲಿದ್ದ ಮಿತಿಯನ್ನು ಅದೇ ವರ್ಷ ತೆಗೆದುಹಾಕಿದ್ದರು. ಕಾರ್ಯದರ್ಶಿಗಳು ಪತ್ರಿಕೆಯನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ನೋಡಿದಿರೇನ್ರೀ, ಗುಡಿಯ ಮಾನ್ಯವನ್ನು ಯಾರೋ ಸಾಹುಕಾರನಿಗೆ ಬರೆದುಕೊಡುತ್ತಿದ್ದಾರೆ!" ಎಂದರು. ಬೆಲೆ ಏರುವ ಮೊದಲೇ ಎಂದು ತಮ್ಮ ಕೈಯಿಂದಲೇ ಮೂರು ವರ್ಷದ ಹಣವನ್ನು ಮುಂಗಡವಾಗಿ ಕಟ್ಟಿದರು. 2020ರ ಏಪ್ರಿಲ್ 30ರಂದು ಐಕಾನ್ ಆ ಮಾರಾಟವನ್ನು ನಿರಾಕರಿಸಿತು. ಅಂದು ಅವರು ನನಗೆ ದೂರವಾಣಿಯಲ್ಲಿ ಸಿಹಿಯ ಮಾತನ್ನಾಡಿದರು. ಮನೆಯಿಂದ ಯಾರೂ ಹೊರಡುವಂತಿಲ್ಲದ ಕಾಲ ಅದು. ಮರುವರ್ಷ ಅದೇ ರೋಗ ಅವರನ್ನು ಕೊಂಡೊಯ್ದಿತು.

ತಿಂಗಳೊಪ್ಪತ್ತಿನ ಮೇಲೆ ಅವರ ಮನೆಯವರು ಸಂಘದ ಕಾಗದಪತ್ರಗಳ ಜೊತೆಗೆ ಒಂದು ಟಿಪ್ಪಣಿ ಪುಸ್ತಕವನ್ನು ನನಗೆ ಕೊಟ್ಟು, "ಇದನ್ನು ನಿಮಗೇ ಕೊಡಬೇಕೆಂದಿದ್ದರು" ಎಂದರು. ಆ ಕೈಬರಹವನ್ನು ನೋಡುವ ಧೈರ್ಯ ನನಗೆ ಬರಲಿಲ್ಲ. ಬೀರುವಿನಲ್ಲಿಟ್ಟು ಬೀಗ ಹಾಕಿದೆನು. ಆಗಲಿ, ಮುಂದೆ ನೋಡೋಣವೆಂದುಕೊಂಡೆನು.

2023ರ ಶ್ರಾವಣದಲ್ಲಿ ಹಿರಿಯ ಚಂದಾದಾರರೊಬ್ಬರು ಕಾಗದ ಬರೆದರು. ತಮ್ಮ ಮೊಮ್ಮಗಳಿಗೆ ನಮ್ಮ ಹಳೆಯ ಸಂಚಿಕೆಯೊಂದನ್ನು ತೋರಿಸಲು ವಿಳಾಸವನ್ನು ತೆರೆದರೆ ಇಸ್ಪೀಟಿನ ಜೂಜಿನ ಮನೆ ಕಾಣಿಸಿತಂತೆ. ಸಂಘದವರಿಗೆ ಇಂಥ ಗತಿ ಬಂದಿತೇ ಎಂದು ಕೇಳಿದ್ದರು. ನಾನು ಬೀರುವನ್ನು ತೆರೆದು ಪುಸ್ತಕವನ್ನು ತೆಗೆದೆನು. ಕೊನೆಯ ಪುಟದಲ್ಲಿ ದುಂಡು ಅಕ್ಷರಗಳಲ್ಲಿ ವಾಯಿದೆಯ ದಿನಾಂಕ, ಗುಪ್ತಪದ, ಅದರ ಕೆಳಗೆ ಎರಡು ಗೆರೆ ಎಳೆದು "ಮರೆಯಬಾರದು" ಎಂಬ ಒಂದು ಮಾತು.

ನನ್ನ ಸೊಸೆ ಗಣಕದ ಕೆಲಸ ಬಲ್ಲವಳು. ನಡೆದುದನ್ನು ಅವಳು ಬಿಡಿಸಿ ಹೇಳಿದಳು. ವಾಯಿದೆ ಮುಗಿದರೂ ಹೆಸರು ಒಡನೆಯೇ ಹೋಗುವುದಿಲ್ಲ. ಮಾರಿದವರು 45 ದಿನಗಳವರೆಗೆ ಇಟ್ಟುಕೊಂಡಿರಬಹುದು. ಆಮೇಲೆ ದಂಡ ಕೊಟ್ಟು ಬಿಡಿಸಿಕೊಳ್ಳಲು 30 ದಿನ. ಅದೂ ಕಳೆದರೆ 5 ದಿನಗಳಲ್ಲಿ ಹೆಸರು ಅಳಿದು, ಮೊದಲು ಕೇಳಿದವರ ಪಾಲಾಗುತ್ತದೆ. ಈ ಗಳಿಗೆಯನ್ನೇ ಕಾದು ಹಿಡಿಯುವ ಯಂತ್ರಗಳುಂಟು. ಎಚ್ಚರಿಕೆಯ ಓಲೆಗಳೆಲ್ಲ ಬಂದಿದ್ದುವು. ಬಂದದ್ದು ತೀರಿಕೊಂಡವರ ಮಿಂಚಂಚೆಗೆ.

"ಅಲ್ಲಮ್ಮ, ಈಗ ಸಾವಿರಾರು ಹೊಸ ಹೆಸರುಗಳು ಕವಡೆ ಬೆಲೆಗೆ ದೊರೆಯುತ್ತವೆಯಲ್ಲ, ಜೂಜುಗಾರನಿಗೆ ಜಿಲ್ಲೆಯ ಸಾಹಿತ್ಯ ಸಂಘದ ಹೆಸರೇ ಏಕೆ ಬೇಕಾಯಿತು?" ಎಂದೆನು.

"ಮಾವ, ಹೊಸ ಹೆಸರನ್ನು ಯಾರೂ ನಂಬುವುದಿಲ್ಲ. ನಮ್ಮದಕ್ಕೆ ಕಾಲೇಜಿನವರು, ಗ್ರಂಥಾಲಯದವರು ಹದಿನಾಲ್ಕು ವರ್ಷದಿಂದ ತಮ್ಮ ಪುಟಗಳಲ್ಲಿ ದಾರಿ ತೋರಿಸಿದ್ದಾರೆ. ಹುಡುಕುವ ಯಂತ್ರಗಳು ಅದನ್ನೇ ಮರ್ಯಾದೆ ಎಂದು ಎಣಿಸುತ್ತವೆ. ಅವರು ಕೊಂಡಿದ್ದು ಆ ಮರ್ಯಾದೆಯನ್ನು" ಎಂದಳು.

ನಾನು ಅಂದು ಊಟ ಮಾಡಲಿಲ್ಲ. ಕೋಟಿಗಟ್ಟಲೆ ಡಾಲರ್ ಸುರಿದು ಹರಾಜಿನಲ್ಲಿ ಕೊಂಡ ಪದಗಳಿಗೆ ದೊರೆಯದ ಮರ್ಯಾದೆಯನ್ನು, ನಿವೃತ್ತಿ ವೇತನದ ಒಬ್ಬ ಮನುಷ್ಯರು ಪ್ರತಿ ಸಂಚಿಕೆಯನ್ನೂ ಕೈಯಾರೆ ಏರಿಸಿ, ಅಚ್ಚಿನ ತಪ್ಪುಗಳನ್ನು ತಿದ್ದಿ, ಕೂಡಿಸಿಟ್ಟಿದ್ದರು. ಅದನ್ನು ನಾನು ಬೀರುವಿನಲ್ಲಿಟ್ಟು ಕಳೆದೆನು. ಹಿಂದಕ್ಕೆ ಕೊಡುವಿರಾ ಎಂದು ದಳ್ಳಾಳಿಯೊಬ್ಬನ ಮೂಲಕ ವಿಚಾರಿಸಿದೆವು. ಅವನು ಹೇಳಿದ ಬೆಲೆಗೆ ನಮ್ಮ ಪತ್ರಿಕೆಯನ್ನು ಎರಡು ವರ್ಷ ಅಚ್ಚು ಹಾಕಿಸಬಹುದಾಗಿತ್ತು.

ಇನ್ನು ಹೊಸ ಬಾಲವನ್ನು ಆರಿಸಬೇಕು. ಕಾರ್ಯಸಮಿತಿ ಸೇರಿತು. ಬೇರಿನ ಪಟ್ಟಿಯಲ್ಲಿ ಈಗ 1,400ಕ್ಕೂ ಹೆಚ್ಚು ಬಾಲಗಳಿವೆಯೆಂದು ಕೇಳಿದಾಗ ಕೋಶಾಧಿಕಾರಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ಮಾರಾಟಗಾರರ ಪಟ್ಟಿಯೊಂದರಲ್ಲಿ 99 ರೂಪಾಯಿಗೆ ದೊರೆಯುವ ಬಾಲವನ್ನು ಕಂಡು ಅವರ ಮುಖ ಅರಳಿತು. ಸೊಸೆ ಎರಡನೆಯ ವರ್ಷದ ದರವನ್ನು ತೋರಿಸಿದಳು: ಎರಡು ಸಾವಿರದ ಮೇಲೆ. ಹೊಸ ಬಾಲಗಳಲ್ಲಿ ಬಹುತೇಕಕ್ಕೆ ಬೆಲೆಯ ಮಿತಿ ಇಲ್ಲವಂತೆ. ವಿಳಾಸವನ್ನು ಒಮ್ಮೆ ಅಚ್ಚುಹಾಕಿಸಿದ ಮೇಲೆ ಬಿಡುವಂತಿಲ್ಲ, ಕೇಳಿದಷ್ಟು ಕೊಡಬೇಕು. ಅಗ್ಗದ ಬಾಲಗಳಿಂದ ಬರುವ ಓಲೆಗಳನ್ನು ಯಂತ್ರಗಳು ಸಂಶಯದಿಂದ ಕಸದ ಬುಟ್ಟಿಗೆ ನೂಕುವುದೂ ಉಂಟು.

ತರುಣ ಸದಸ್ಯರೊಬ್ಬರು ಹೊಸದರ ಜೊತೆಗೆ ನಾಲ್ಕಾರು ಹೆಸರುಗಳನ್ನು ರಕ್ಷಣೆಗಾಗಿ ಕೊಂಡಿಡಬೇಕೆಂದರು. ಇದು ಬಲ್ಲವರ ಪದ್ಧತಿಯೇ. 2011ರಲ್ಲಿ ಅಶ್ಲೀಲಕ್ಕೆಂದೇ ಒಂದು ಬಾಲ ಹೊರಟಾಗ ಅಮೆರಿಕದ ವಿಶ್ವವಿದ್ಯಾನಿಲಯಗಳು ತಮ್ಮ ಹೆಸರನ್ನು ಬೇರೆಯವರು ಅಲ್ಲಿ ಹಿಡಿಯದಿರಲೆಂದು ಹಣ ತೆತ್ತು ಕೊಂಡುವು. 2015ರಲ್ಲಿ ಸಕ್ಸ್ ಎಂಬ ಹೀಗಳೆಯುವ ಪದವೇ ಬಾಲವಾಗಿ ಬಂದಾಗ, ವ್ಯಾಪಾರಮುದ್ರೆ ಉಳ್ಳವರಿಗೆ ಮೊದಲ ಹಂತದಲ್ಲಿ ವರ್ಷಕ್ಕೆ 2,499 ಡಾಲರ್ ಹೇಳಿದರು. ಬೇಡವಾದ ಸರಕನ್ನು ಭಯಕ್ಕೆ ಕೊಳ್ಳುವುದು! ನಮ್ಮ ಕೋಶವು ಈ ವಾದಕ್ಕೆ ತಾನಾಗಿಯೇ ಉತ್ತರ ಹೇಳಿತು.

ನನ್ನ ಆಸೆ ಮಾತ್ರ ಬೇರೆಯಾಗಿತ್ತು. ಕನ್ನಡ ಅಕ್ಷರಗಳಲ್ಲೇ "ಭಾರತ" ಎಂಬ ಬಾಲವುಂಟು. ಹೆಸರೂ ಕನ್ನಡ, ಬಾಲವೂ ಕನ್ನಡ. ಸಂಘಕ್ಕೆ ಇದಕ್ಕಿಂತ ಒಪ್ಪುವುದು ಯಾವುದು? ಸೊಸೆ ಒಂದು ತಿಂಗಳ ಮಟ್ಟಿಗೆ ಅದನ್ನು ಮಾಡಿಸಿ ನೋಡಿದಳು. ಗಣಕದಲ್ಲಿ ಅದು ತೆರೆದಾಗ ನನ್ನ ಕಣ್ಣು ತುಂಬಿತು ಎಂದು ಹೇಳಲು ಸಂಕೋಚವಿಲ್ಲ. ಆದರೆ ಯಂತ್ರದ ಒಳಗೆ ಅದು ಕನ್ನಡವಾಗಿ ಉಳಿಯುವುದಿಲ್ಲ. ಎಕ್ಸ್ ಎನ್ ಎಂದು ಮೊದಲಾಗಿ, ಎರಡು ಅಡ್ಡಗೆರೆ ಎಳೆದುಕೊಂಡು, ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲಾಗುತ್ತದೆ. ಕೆಲವು ಕಡೆ ಆ ಸಾಲೇ ಹೊರಗೆ ಇಣುಕುತ್ತಿತ್ತು. ಅನುದಾನದ ಅರ್ಜಿಯೊಂದರಲ್ಲಿ ಈ ವಿಳಾಸವನ್ನು ತುಂಬಿದರೆ "ಸರಿಯಾದ ವಿಳಾಸ ಬರೆಯಿರಿ" ಎಂದು ಕೆಂಪು ಅಕ್ಷರದಲ್ಲಿ ಉತ್ತರ ಬಂದಿತು. ದೂರವಾಣಿಯಲ್ಲಿ ಓದಿ ಹೇಳಿದರೆ, ಕೇಳಿದವರು ಇಂಗ್ಲಿಷಿನಲ್ಲಿ ಬರೆದುಕೊಂಡು ಕೊನೆಗೊಂದು ಕಾಂ ಸೇರಿಸಿದರು. ಹದಿನೈದು ಕೋಟಿಗೂ ಹೆಚ್ಚು ಹೆಸರುಗಳು ಆ ಬಾಲದಲ್ಲಿರುವಾಗ ಅವರನ್ನು ದೂರಿ ಫಲವೇನು?

ಕೊನೆಗೆ ನಮ್ಮ ದೇಶದ ಇನ್ ಎಂಬ ಬಾಲವನ್ನೇ ಹಿಡಿದೆವು. ಕನ್ನಡದ ಹೆಸರನ್ನೂ ಬಿಡಲಿಲ್ಲ; ಅದನ್ನು ತೆರೆದವರೂ ಅಲ್ಲಿಗೇ ಬಂದು ಸೇರುವಂತೆ ಮಾಡಿದ್ದೇವೆ. ನಿಯಮ ಒಪ್ಪುವ ಗರಿಷ್ಠ ಅವಧಿ ಹತ್ತು ವರ್ಷ. ಅಷ್ಟಕ್ಕೂ ಹಣ ಕಟ್ಟಿದೆನು. ಅದು ತೀರುವ ವೇಳೆಗೆ ನನಗೆ 84 ತುಂಬಬೇಕು. ಆದುದರಿಂದ ಟಿಪ್ಪಣಿ ಪುಸ್ತಕದಲ್ಲಿ ಕಾರ್ಯದರ್ಶಿಗಳ ಸಾಲಿನ ಕೆಳಗೆ ಹೊಸ ವಾಯಿದೆಯನ್ನು ಬರೆದು ಪುಸ್ತಕವನ್ನು ಸೊಸೆಯ ಕೈಗೆ ಕೊಟ್ಟಿದ್ದೇನೆ. ಎಚ್ಚರಿಕೆಯ ಓಲೆಗಳು ಈಗ ಮೂವರ ಮಿಂಚಂಚೆಗೆ ಹೋಗುತ್ತವೆ.

ಹೊಸ ವಿಳಾಸವು ಈ ಸಂಚಿಕೆಯ ಹಿಂಬದಿಯ ರಕ್ಷಾಪುಟದಲ್ಲಿ ಅಚ್ಚಾಗಿದೆ. 2009ರಿಂದ 2023ರವರೆಗಿನ ಸಂಚಿಕೆಗಳನ್ನು ಮನೆಯಲ್ಲಿ ಇಟ್ಟುಕೊಂಡಿರುವವರು ದಯವಿಟ್ಟು ಹಳೆಯ ವಿಳಾಸದ ಮೇಲೆ ಒಂದು ಚೀಟಿ ಅಂಟಿಸಬೇಕೆಂದು ಬೇಡುತ್ತೇನೆ. ಚೀಟಿಗಳನ್ನು ಅಚ್ಚುಹಾಕಿಸಿದ್ದೇವೆ, ಕೇಳಿ ಬರೆದವರಿಗೆ ಅಂಚೆಯಲ್ಲಿ ಕಳುಹಿಸಲಾಗುವುದು.