ಬಲಗಡೆಯ ಸೀಟು

ಏಪ್ರಿಲ್ ಮುಗಿಯುವ ಹೊತ್ತಿಗೆ ಎರಡು ಒಳ್ಳೆಯ ಮಳೆ ಬಿದ್ದು ರಸ್ತೆಯ ಉಪ್ಪು ತೊಳೆದುಹೋಗಬೇಕು. ಆಮೇಲೆಯೇ ಟೊರೊಂಟೊ ಪಕ್ಕದ ಮಿಸ್ಸಿಸಾಗಾದ ನಮ್ಮ ಗ್ಯಾರೇಜಿನಲ್ಲಿ ಕಾರಿನ ಹೊದಿಕೆ ತೆಗೆಯುವುದು. ಹಿಮ ಕರಗಲೆಂದು ಸುರಿಯುವ ಉಪ್ಪು, ಗೆದ್ದಲು ತೊಲೆಯನ್ನು ತಿಂದಂತೆ, ಕಾರಿನ ಅಡಿಯ ತಗಡನ್ನು ಒಳಗಿಂದೊಳಗೇ ತಿಂದುಹಾಕುತ್ತದೆ. ಅದಕ್ಕೇ ಇಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಸಾಕಿದವರು ನವೆಂಬರಿನಲ್ಲಿ ಟ್ಯಾಂಕ್ ತುಂಬಿಸಿ, ಬ್ಯಾಟರಿಗೆ ಸಣ್ಣ ಚಾರ್ಜರ್ ಸಿಕ್ಕಿಸಿ, ಕಾರನ್ನು ಮಲಗಿಸಿಬಿಡುತ್ತಾರೆ.

ನನ್ನದು 1993ರ ಸುಜುಕಿ ಕ್ಯಾಪುಚಿನೊ. ಮೂರು ಸಿಲಿಂಡರ್, 657 ಸಿಸಿ, ಒಂದು ಟರ್ಬೊ, ಎರಡು ಸೀಟು, ಹೆಚ್ಚುಕಡಿಮೆ 700 ಕಿಲೋ ತೂಕ. ಚಾವಣಿಯನ್ನು ಮೂರು ತುಂಡಾಗಿ ಬಿಚ್ಚಿ ಡಿಕ್ಕಿಯೊಳಗೆ ಜೋಡಿಸಿಡಬಹುದು. ಆರು ತಿಂಗಳ ಮೇಲೆ ಕೀಲಿ ತಿರುಗಿಸಿದಾಗ ಸ್ಟೀರಿಂಗ್ ಮೇಲಿಟ್ಟ ಕೈಗೆ ಒಂದು ಸಣ್ಣ ನಡುಕ ಹತ್ತುತ್ತದೆ. ಆ ನಡುಕ ನನಗೆ ಹಾಸನದಿಂದ ಗೊತ್ತು. ಅಪ್ಪನ ಮಾರುತಿ 800ರಲ್ಲಿದ್ದ 796 ಸಿಸಿ ಇಂಜಿನ್ನೂ ಇದೂ ಸುಜುಕಿಯ ಒಂದೇ ಮನೆತನದವು; ಅದು ಎಫ್8ಬಿ, ಇದು ಎಫ್6ಎ. ಅಣ್ಣ ಊರಿನಲ್ಲಿ ತರಕಾರಿ ಮೂಟೆ ಹೊತ್ತ, ತಮ್ಮ ಜಪಾನಿನಲ್ಲಿ ಓಟ ಕಲಿತ.

ಈ ಕಾರು ಟೊರೊಂಟೊ ಕಡೆಗೆ ಬರಲು ಕೆನಡಾದ ಒಂದು ನಿಯಮ ಕಾರಣ. 15 ವರ್ಷ ತುಂಬಿದ ಕಾರನ್ನು ಹೊರದೇಶದಿಂದ ತರಿಸಿಕೊಳ್ಳಲು ಇಲ್ಲಿಯ ಸುರಕ್ಷತಾ ಮಾನದಂಡ ಅಡ್ಡ ಬರುವುದಿಲ್ಲ. ಅಮೆರಿಕದಲ್ಲಾದರೆ 25 ವರ್ಷ ಕಾಯಬೇಕು. ಹಾಗಾಗಿ ಈ ಖಂಡದ ಶೋರೂಮುಗಳಲ್ಲಿ ಎಂದೂ ನಿಲ್ಲದ ನಿಸಾನ್ ಸ್ಕೈಲೈನ್ ಜಿಟಿ-ಆರ್‌ನಂಥ ಕಾರುಗಳು ಕೂಡ ನಮ್ಮ ಬೀದಿಗಳಲ್ಲಿ ಓಡಾಡುತ್ತವೆ. ಎಲ್ಲದರ ಸ್ಟೀರಿಂಗೂ ಬಲಕ್ಕೆ! ಭಾರತ ಬಿಟ್ಟ 14 ವರ್ಷಕ್ಕೆ ಮೊದಲ ಸಲ ಬಲಗಡೆಯ ಸೀಟಿನಲ್ಲಿ ಕೂತೆ. ಎಡಗೈ ಯಾರನ್ನೂ ಕೇಳದೆ ಗೇರಿನ ಮೇಲೆ ಹೋಗಿ ಕೂತಿತು. ಒಂದು ನಿಮಿಷ ಕಾರು ಕದಲಿಸಲು ನನ್ನಿಂದಾಗಲಿಲ್ಲ.

ಎಡಗಡೆ ಮಗಳು. ಟಿಮ್ ಹಾರ್ಟನ್ಸ್ ಕಿಟಕಿಯಲ್ಲಿ ದುಡ್ಡು ಕೊಟ್ಟು ಕಾಫಿ ಇಸಿದುಕೊಳ್ಳುವವಳು ಅವಳು. ಮುಂದೆ ಲಾರಿ ಅಡ್ಡವಿದ್ದರೆ ಎದುರುರಸ್ತೆ ಕಾಣುವುದೂ ಅವಳಿಗೇ. ಕತ್ತು ಚಾಚಿ ನೋಡಿ “ಖಾಲಿ ಇದೆ ಅಪ್ಪಾ, ರೈಟ್ ರೈಟ್” ಅನ್ನುತ್ತಾಳೆ; ಕೆಎಸ್ಸಾರ್ಟಿಸಿ ಕಂಡಕ್ಟರನ ಮಾತು ಅವಳಿಗೆ ನಾನೇ ಕಲಿಸಿದ್ದು.

ಇದಕ್ಕೆ ಮುಂಚೆ ಯಾವ ಕಾರಿತ್ತು ಎಂದು ಹಳೆಯ ಕಾರು ಸಾಕಿದವರನ್ನು ಕೇಳಿ ನೋಡಿ, ಬದುಕೇ ಹೊರಬರುತ್ತದೆ. ಪಕ್ಕದ ಮನೆಯ ಹಿರಿಯರು ಬೆರಳು ಮಡಿಸುತ್ತ ಹೇಳಿದರು: “ಎಂಜಿಬಿ, ಮದುವೆಗೆ ಮಾರಿದೆ. ಟ್ರಯಂಫ್ ಟಿಆರ್6, ಈ ಮನೆಯ ಮುಂಗಡಕ್ಕೆ ಹೋಯಿತು. ಡಾಟ್ಸನ್ 240ಝಡ್, ಅದನ್ನು ಮಾರಲಿಲ್ಲ, ತುಕ್ಕು ತಿಂದಿತು.” ಟಿಆರ್6ರ ಇನ್ನೊಂದು ಕೀಲಿ ಈಗಲೂ ಅವರ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿದೆ. ಸೆಪ್ಟೆಂಬರಿನಲ್ಲಿ ಓಕ್‌ವಿಲ್‌ನ ಬ್ರಾಂಟಿ ಕ್ರೀಕ್ ಪಾರ್ಕಿನಲ್ಲಿ ನಡೆಯುವ ಬ್ರಿಟಿಷ್ ಕಾರ್ ಡೇಗೆ ನನ್ನನ್ನೂ ಕರೆದೊಯ್ಯುತ್ತಾರೆ. ಬಾನೆಟ್ ತೆರೆದಿಟ್ಟು, ಮಡಚುವ ಕುರ್ಚಿ ಹಾಕಿಕೊಂಡು ಕೂತ ಎಪ್ಪತ್ತರ ಪ್ರಾಯದವರ ನಡುವೆ ಯಾರದೋ ಟಿಆರ್6 ಕಂಡರೆ ಅವರ ಮಾತು ನಿಲ್ಲುತ್ತದೆ.

ನಾನು ಮಾರಿದ್ದು 1994ರ ಕೆಂಪು ಮಾಜ್ದಾ ಮಿಯಾಟಾ. ಹಳೆಯ ಬ್ರಿಟಿಷ್ ಕಾರುಗಳ ಸುಖವನ್ನು ಅವುಗಳ ರಿಪೇರಿಯ ಕಾಟವಿಲ್ಲದೆ ಕೊಡಬೇಕೆಂದು ಜಪಾನಿನವರು 1989ರಲ್ಲಿ ಹೊರತಂದ ಕಾರು ಅದು. 2016ರ ಹೊತ್ತಿಗೆ ಹತ್ತು ಲಕ್ಷ ತಯಾರಾಗಿದ್ದವು. 2009ರಲ್ಲಿ ಮಗಳು ಹುಟ್ಟಿದಳು. ಎರಡೇ ಸೀಟಿನ ಕಾರಿನಲ್ಲಿ ಬಾಣಂತಿ, ಮಗು, ನಾನು ಕೂರುವುದೆಲ್ಲಿ? ಕೊಂಡ ಹುಡುಗ ಸಂಜೆ ಬಂದ. ಬೀದಿಯ ಕೊನೆಗೆ ಹೋಗಿ ತಿರುಗುವಾಗ ಬಾನೆಟ್‌ನೊಳಗಿಂದ ಎರಡೂ ಹೆಡ್‌ಲೈಟ್ ಮೇಲೆದ್ದು ಬೆಳಗಿದವು. ನಿದ್ದೆಯಿಂದ ಕಣ್ಣು ಬಿಟ್ಟಂತೆ. ಆಮೇಲೆ ಹತ್ತು ವರ್ಷ ವ್ಯಾನು.

ನಮ್ಮವರಲ್ಲಿ ಅನೇಕರಿಗೆ ಹಳೆಯ ಕಾರು ಸಾಕುವುದು ದುಡ್ಡು ಹಾಳುಮಾಡುವ ಕೆಲಸ. ನಾನು ಒಪ್ಪುವುದಿಲ್ಲ. ವೀಣೆ ಇಟ್ಟುಕೊಂಡವರ ಪ್ರೀತಿಯಂತೆಯೇ ಇದೂ ಕೈ, ಕಿವಿ ಎರಡನ್ನೂ ಕೇಳುವ ಪ್ರೀತಿ. ಆದರೆ ಬ್ರಾಂಪ್ಟನ್ನಿನ ಹುಡುಗರು ಇದನ್ನು 401 ಹೆದ್ದಾರಿಯ ಓಟವೆಂದು ತಿಳಿದರೆ ನನಗೆ ಸಂಕಟವಾಗುತ್ತದೆ. ಮಿತಿಗಿಂತ 50 ಕಿ.ಮೀ. ಹೆಚ್ಚಿಗೆ ಓಡಿಸಿ ಸಿಕ್ಕಿಬಿದ್ದರೆ ಪೊಲೀಸರು ಕಾರನ್ನು 14 ದಿನ ಎತ್ತಿಕೊಂಡು ಹೋಗುತ್ತಾರೆ. ಸರಿಯಾದದ್ದೇ. ವೇಗ ಬೇಕಾದವರಿಗೆ ಬೋಮನ್‌ವಿಲ್ ಹತ್ತಿರ ಮೋಸ್‌ಪೋರ್ಟ್ ಇದೆ. 1961ರಲ್ಲಿ ಸ್ಟರ್ಲಿಂಗ್ ಮಾಸ್ ಗೆದ್ದ, 1977ರವರೆಗೆ ಫಾರ್ಮುಲಾ ಒನ್ ಕಂಡ ಟ್ರ್ಯಾಕು. ನನ್ನ ಸುಖ ಕ್ಯಾಲೆಡನ್ನಿನ ಫೋರ್ಕ್ಸ್ ಆಫ್ ದ ಕ್ರೆಡಿಟ್ ರಸ್ತೆಯಲ್ಲಿದೆ. ಶಿರಾಡಿ ಘಾಟಿ ಕಂಡವರಿಗೆ ಅಲ್ಲಿಯ ತಿರುವು ಚಿಕ್ಕದೇ. ಎರಡನೇ ಗೇರಿಗೆ ಇಳಿಸಿ ನಿಧಾನವಾಗಿ ತಿರುಗಿಸಿದರೂ ಇಷ್ಟು ಹಗುರದ ಕಾರು ಕೈಬೆರಳಿನ ಇಂಗಿತಕ್ಕೇ ತಿರುಗಿಬಿಡುತ್ತದೆ.

ಮಗಳಿಗೆ 16 ತುಂಬಿತು, ಕಲಿಯುವವರ ಜಿ1 ಲೈಸೆನ್ಸ್ ಬಂತು. ಕಳೆದ ಭಾನುವಾರ ಬೆಳಗ್ಗೆ ಒಂದು ಖಾಲಿ ಪಾರ್ಕಿಂಗ್ ಜಾಗದಲ್ಲಿ ನಾನು ಎಡಗಡೆ ಕೂತೆ, ಅವಳು ಬಲಗಡೆಯ ಸೀಟಿನಲ್ಲಿ. ಕ್ಲಚ್ ಬಿಡುವಾಗ ನಾಲ್ಕು ಸಲ ಇಂಜಿನ್ ನಿಂತುಹೋಯಿತು. ಐದನೆಯ ಸಲ ಕಾರು ಹೊರಟಿತು.