ಅರ್ಧರಥನ ಲೆಕ್ಕ

ಕುರುಕ್ಷೇತ್ರದ ಯುದ್ಧಕ್ಕೆ ಮುನ್ನ ದುರ್ಯೋಧನನು ಪಿತಾಮಹನನ್ನು ಒಂದು ಲೆಕ್ಕ ಕೇಳಿದನು. ಉಭಯ ಪಕ್ಷಗಳಲ್ಲಿ ರಥರಾರು, ಅತಿರಥರಾರು ಎಂಬುದೇ ಆ ಲೆಕ್ಕ. ಭೀಷ್ಮನು ಒಬ್ಬೊಬ್ಬ ವೀರನನ್ನೂ ಹೆಸರುಹಿಡಿದು ತೂಗುತ್ತ ಬಂದನು. ಕರ್ಣನ ಸರದಿ ಬಂದಾಗ, ಇವನು ಸಹಜಕವಚವನ್ನೂ ಕುಂಡಲಗಳನ್ನೂ ಕಳೆದುಕೊಂಡವನು, ಪರಶುರಾಮನ ಶಾಪಕ್ಕೆ ಗುರಿಯಾದವನು, ಆದಕಾರಣ ಅರ್ಧರಥನು ಎಂದುಬಿಟ್ಟನು. ದ್ರೋಣನು ಅದಕ್ಕೆ ತಲೆದೂಗಿದನು. ಮುಂದಿನದು ಎಲ್ಲರೂ ಬಲ್ಲ ಕಥೆ. ಭೀಷ್ಮನು ಬೀಳುವವರೆಗೆ ಆಯುಧ ಹಿಡಿಯೆನೆಂದು ಕರ್ಣನು ಶಪಥಮಾಡಿದನು; ಹತ್ತು ದಿನಗಳ ಕಾಲ ಕೌರವಸೇನೆಯು ಅವನಿಲ್ಲದೆ ಕಾದಿತು. ಒಂದು ಭಿನ್ನಾಂಕವು ಇಷ್ಟು ಕೆಲಸ ಮಾಡಿತು.

ಲೆಕ್ಕವೇನೋ ನಡೆಯಿತು; ಆದರೆ ಅದರ ಸೂತ್ರವು ಭೀಷ್ಮನ ಮನಸ್ಸಿನಲ್ಲಿಯೇ ಉಳಿಯಿತು. ಕವಚಕ್ಕೆಷ್ಟು ಕಳೆದನು, ಶಾಪಕ್ಕೆಷ್ಟು ಕಳೆದನು, ಹಳೆಯ ಅಸಮಾಧಾನಕ್ಕೆಷ್ಟು ಕಳೆದನು, ಯಾರು ಬಲ್ಲರು? ಸೂತ್ರವನ್ನು ಎಲ್ಲರ ಮುಂದೆಯೂ ಬಿಚ್ಚಿಟ್ಟು, ಪಕ್ಷಪಾತಕ್ಕೆ ಎಡೆಯಿಲ್ಲದಂತೆ ವೀರರನ್ನು ತೂಗಿದರೆ ಏನಾಗುವುದೆಂಬುದನ್ನು ತಿಳಿಯಬೇಕಾದರೆ ಈ ಕಾಲದ ಒಂದು ಆಟದತ್ತ ತಿರುಗಬೇಕು.

ಆ ಆಟದ ಹೆಸರು ರೂನ್‌ಸ್ಕೇಪ್. ಇಂಗ್ಲೆಂಡಿನ ಗೋವರ್ ಸೋದರರು ಇದನ್ನು 2001ರ ಜನವರಿಯಲ್ಲಿ ಲೋಕಕ್ಕೆ ತೆರೆದರು. ಆಟವು ಕಾಲಕ್ರಮದಲ್ಲಿ ಬಹಳವಾಗಿ ಬದಲಾಗಲು, 2007ರಲ್ಲಿದ್ದ ರೂಪವೇ ಬೇಕೆಂದು ಹಂಬಲಿಸಿದವರಿಗಾಗಿ 2013ರ ಫೆಬ್ರವರಿಯಲ್ಲಿ ಓಲ್ಡ್ ಸ್ಕೂಲ್ ಎಂಬ ಶಾಖೆಯೊಂದು ಹುಟ್ಟಿತು. ಇಲ್ಲಿನ ಮಾತೆಲ್ಲ ಆ ಶಾಖೆಯದು. ದೇಶದೇಶಗಳಲ್ಲಿ ಗಣಕಯಂತ್ರಗಳ ಮುಂದೆ ಕುಳಿತ ಜನರು ಗೀಲಿನಾರ್ ಎಂಬ ಕಲ್ಪಿತ ಲೋಕದಲ್ಲಿ ಏಕಕಾಲದಲ್ಲಿ ಸಂಚರಿಸುವರು. ಪ್ರತಿಯೊಬ್ಬನಿಗೂ ಅಲ್ಲೊಂದು ವೇಷ. ಆ ವೇಷದಲ್ಲಿ ಮರ ಕಡಿಯುವನು, ಮೀನು ಹಿಡಿಯುವನು, ಕಾದುವನು. ಕಾದುವುದಕ್ಕೆ ಬೇಕಾದ ವಿದ್ಯೆಗಳು ಏಳು: ಆಕ್ರಮಣ, ಬಲ, ರಕ್ಷಣೆ, ಪ್ರಾಣ, ಬಿಲ್ವಿದ್ಯೆ, ಮಂತ್ರವಿದ್ಯೆ, ಪ್ರಾರ್ಥನೆ. ಪ್ರಾಣವು ಹತ್ತರಿಂದಲೂ ಉಳಿದವು ಒಂದರಿಂದಲೂ ಮೊದಲಾಗಿ ತೊಂಬತ್ತೊಂಬತ್ತರವರೆಗೆ ಏರುವುವು. ಇವೆಲ್ಲವನ್ನೂ ಕಲಸಿ ತೆಗೆದ ಒಂದೇ ಅಂಕಕ್ಕೆ ಕಾಂಬ್ಯಾಟ್ ಲೆವೆಲ್ ಎಂದು ಹೆಸರು, ಯುದ್ಧಾಂಕವೆನ್ನಬಹುದು.

ಸೂತ್ರ ಹೀಗಿದೆ. ಪ್ರಾರ್ಥನೆಯನ್ನು ಅರ್ಧಮಾಡಿ ಭಿನ್ನವನ್ನು ಬಿಸುಟು, ಅದಕ್ಕೆ ರಕ್ಷಣೆಯನ್ನೂ ಪ್ರಾಣವನ್ನೂ ಕೂಡಿ, ಮೊತ್ತದ ಕಾಲುಭಾಗವನ್ನು ತೆಗೆಯುವುದು. ಇದು ತಳಹದಿ. ಆಮೇಲೆ ಆಕ್ರಮಣವನ್ನೂ ಬಲವನ್ನೂ ಕೂಡಿ 0.325ರಿಂದ ಗುಣಿಸುವುದು. ಬಿಲ್ವಿದ್ಯೆಯನ್ನು ಒಂದೂವರೆಯಿಂದ ಗುಣಿಸಿ, ಭಿನ್ನವನ್ನು ಬಿಟ್ಟು, ಮತ್ತೆ 0.325ರಿಂದ ಗುಣಿಸುವುದು, ಮಂತ್ರವಿದ್ಯೆಗೂ ಹಾಗೆಯೇ. ಈ ಮೂರರಲ್ಲಿ ಯಾವುದು ದೊಡ್ಡದೋ ಅದೊಂದನ್ನೇ ತಳಹದಿಗೆ ಸೇರಿಸಿ, ಉಳಿದೆರಡನ್ನು ಲೆಕ್ಕಕ್ಕೆ ಹಿಡಿಯದೆ, ಕೊನೆಗೆ ಉಳಿದ ಭಿನ್ನವನ್ನೂ ಬಿಡುವುದು. ಏನೂ ಕಲಿಯದೆ ಬಂದವನಿಗೆ 2.75ಕ್ಕೆ 0.65 ಸೇರಿ 3.4, ಅಂದರೆ 3. ಎಲ್ಲವನ್ನೂ ತೊಂಬತ್ತೊಂಬತ್ತಕ್ಕೆ ಏರಿಸಿದವನಿಗೆ 61.75ಕ್ಕೆ 64.35 ಸೇರಿ 126.1, ಅಂದರೆ 126. ಅದಕ್ಕೆ ಮೇಲಿಲ್ಲ. ಲೀಲಾವತಿಯನ್ನು ಓದಿದ ಹುಡುಗನಿಗೆ ಇದೊಂದು ಕಷ್ಟದ ಲೆಕ್ಕವಲ್ಲ.

ಅಂಕವು ಬರಿಯ ಅಲಂಕಾರಕ್ಕಾಗಿ ಇರುವುದೂ ಅಲ್ಲ. ಅಲ್ಲಿನ ದುಷ್ಟಜಂತುಗಳು ತಮ್ಮ ಅಂಕದ ಇಮ್ಮಡಿಗಿಂತ ಹೆಚ್ಚಿನವನ ಮೇಲೆ ಸಾಮಾನ್ಯವಾಗಿ ತಾವಾಗಿ ಎರಗುವುದಿಲ್ಲ. ವ್ಯಾರಕ್ ಪಟ್ಟಣದ ದಕ್ಷಿಣಕ್ಕೆ ನಿಂತ 7ರ ಅಂಕದ ಕರಿಯ ಮಾಂತ್ರಿಕನು ಹೊಸಬನನ್ನು ಕಂಡೊಡನೆ ಮೇಲೆ ಬೀಳುವನು. 15 ಮುಟ್ಟಿದವನನ್ನು ಕಂಡೂ ಕಾಣದಂತಿರುವನು. ಉತ್ತರದಲ್ಲಿರುವ ವೈಲ್ಡರ್‌ನೆಸ್ ಎಂಬ ಕಾಡುಭೂಮಿಯಲ್ಲಿ ಆಟಗಾರರು ಒಬ್ಬರನ್ನೊಬ್ಬರು ಕೊಲ್ಲಬಹುದು, ಆದರೆ ಅದಕ್ಕೂ ಒಂದು ಕಟ್ಟಳೆಯುಂಟು. ಉತ್ತರಕ್ಕೆ ಹೋದಂತೆ ಮೆಟ್ಟಿಲುಗಳ ಎಣಿಕೆ ಏರುವುದು. ಐದನೆಯ ಮೆಟ್ಟಿಲಿನಲ್ಲಿ ಅಂತರವು ಐದನ್ನು ಮೀರಬಾರದು. ಅಲ್ಲಿ 73ರವನು 68ರಿಂದ 78ರವರೆಗಿನವರ ಮೇಲೆ ಮಾತ್ರ ಕೈಮಾಡಬಹುದು. ಸಮಾನರು ಸಮಾನರೊಡನೆ ಕಾದಲೆಂಬುದೇ ಉದ್ದೇಶ. ರಥಿಕನು ರಥಿಕನೊಡನೆ, ಪದಾತಿಯು ಪದಾತಿಯೊಡನೆ ಎಂದು ಕುರುಪಾಂಡವರು ಮಾಡಿಕೊಂಡ ಒಪ್ಪಂದವೂ ಇದೇ ಬಗೆಯದು. ಅದು ಎಷ್ಟು ದಿನ ನಿಂತಿತೆಂಬುದು ಬೇರೆ ಮಾತು.

ಯಾವ ಅಧ್ಯಾಯಕ್ಕೆ ಎಷ್ಟು ಅಂಕಗಳೆಂಬುದನ್ನು ಮೊದಲೇ ಸಾರಿದ ಶಾಲೆಯಲ್ಲಿ ಹುಡುಗರು ಯಾವ ಅಧ್ಯಾಯವನ್ನು ಬಿಡುವರೆಂದು ಹೇಳಲು ಜ್ಯೋತಿಷ್ಯ ಬೇಡ. ಇಲ್ಲಿಯೂ ಹಾಗೆಯೇ ಆಯಿತು, ಆದರೆ ವಿಪರೀತ ರೀತಿಯಲ್ಲಿ. ಶಾಲೆಯ ಹುಡುಗನು ಹೆಚ್ಚು ಅಂಕ ಬರಲೆಂದು ಬಿಡುತ್ತಾನೆ. ಈ ಲೋಕದ ಚತುರನು ಕಡಿಮೆ ಅಂಕ ಬರಲೆಂದು ಬಿಡುತ್ತಾನೆ.

ಇಬ್ಬರು ಯೋಧರಿರುವರೆಂದು ಇಟ್ಟುಕೊಳ್ಳಬಹುದು. ಮೊದಲನೆಯವನು ಆಕ್ರಮಣ, ಬಲ, ರಕ್ಷಣೆ ಮೂರನ್ನೂ ಸಮವಾಗಿ 60ಕ್ಕೆ ತಂದವನು. ಎದುರಾಳಿಗೆ ತಗಲಿದ ಪೆಟ್ಟಿನ ಒಂದೊಂದು ಅಂಕಕ್ಕೂ, ಅಭ್ಯಾಸಕ್ಕೆ ಆರಿಸಿಕೊಂಡ ವಿದ್ಯೆಗೆ ನಾಲ್ಕು ಅನುಭವಾಂಕಗಳೂ, ಅದರ ಮೂರರಲ್ಲೊಂದು ಪಾಲು ಪ್ರಾಣಕ್ಕೂ ಸಲ್ಲುವುದರಿಂದ ಅವನ ಪ್ರಾಣವೂ ತಾನಾಗಿ 60 ಆಗಿರುವುದು. ಪ್ರಾರ್ಥನೆ 37. ತಳಹದಿ 34.5, ಅದಕ್ಕೆ 39 ಸೇರಿ 73.5, ಯುದ್ಧಾಂಕ 73. ಎರಡನೆಯವನು ರಕ್ಷಣೆಯನ್ನೂ ಪ್ರಾರ್ಥನೆಯನ್ನೂ ಹುಟ್ಟಿದಂತೆ ಒಂದರಲ್ಲಿಯೇ ಬಿಟ್ಟು, ಆಕ್ರಮಣವನ್ನು 60ರಲ್ಲಿ ನಿಲ್ಲಿಸಿ, ಬಲವೊಂದನ್ನೇ 99ಕ್ಕೆ ಏರಿಸಿದವನು. ಅವನ ಪ್ರಾಣ 88. ತಳಹದಿ 22.25, ಅದಕ್ಕೆ 51.675 ಸೇರಿ 73.925. ಯುದ್ಧಾಂಕ ಅವನದೂ 73.

ಸೂತ್ರವು ಇಬ್ಬರನ್ನೂ ಸಮಾನರೆಂದಿತು. ಏಟು ಬಿದ್ದಾಗ ಸಮಾನತೆಯ ಬಣ್ಣ ಬಯಲಾಗುವುದು. ಎರಡನೆಯವನ ಕತ್ತಿಯ ಒಂದು ಪೆಟ್ಟು ಮೊದಲನೆಯವನ ಪೆಟ್ಟಿಗಿಂತ ಬಹು ಭಾರವಾದುದು. ಅವನ ಮೇಲೆ ಬಿದ್ದ ಪೆಟ್ಟೋ ಬಹುಮಟ್ಟಿಗೆ ವ್ಯರ್ಥವಾಗದು. ಮೊದಲು ಯಾರು ಹೊಡೆದರು, ಎಷ್ಟು ಬೇಗ ಹೊಡೆದರು ಎಂಬುದರಲ್ಲಿ ಎಲ್ಲವೂ ತೀರುವುದು. ಇಂಥವನಿಗೆ ಆಟಗಾರರು ಇಟ್ಟ ಹೆಸರು ‘ಪ್ಯೂರ್’, ಶುದ್ಧನೆಂದು ಅರ್ಥ. ಒಂದಂಗವನ್ನು ಬೇಕೆಂದೇ ಒಣಗಿಸಿಕೊಂಡವನಿಗೆ ಈ ಹೆಸರು ವಿನೋದವೇ ಸರಿ.

ವಿನೋದವಾದರೂ ಅದು ಸುಲಭದ ವ್ರತವಲ್ಲ. ಬಲವನ್ನು 99ಕ್ಕೆ ತರಲು 1,30,34,431 ಅನುಭವಾಂಕಗಳು ಬೇಕು. 92ನ್ನು ಮುಟ್ಟಿದಾಗ ಹಾದಿಯ ಸುಮಾರು ಅರ್ಧ ಮಾತ್ರ ಮುಗಿದಿರುವುದು. ರೂನ್ ಲೋಹದ ಕವಚಕ್ಕೆ 40ರ ರಕ್ಷಣೆ ಬೇಕಾದುದರಿಂದ ಅದು ಅವನ ಮೈಗೆ ಎಂದಿಗೂ ಏರದು. ಜಲಪಾತದ ಸಾಹಸವೆಂಬುದನ್ನು ಮುಗಿಸಿದರೆ ಆಕ್ರಮಣಕ್ಕೂ ಬಲಕ್ಕೂ 13,750ರಂತೆ ದೊರೆಯುವುದು. ಇದನ್ನು ಅವನು ಓಡಿಹೋಗಿ ಮಾಡುವನು. ಡ್ರ್ಯಾಗನ್ ಸ್ಲೇಯರ್ ಎಂಬ ಹೆಸರಾಂತ ಸಾಹಸದಲ್ಲಿ ಮಹಾಸರ್ಪವನ್ನು ಕೊಂದವನಿಗೆ ಬಲದ ಜೊತೆಗೆ ರಕ್ಷಣೆಗೂ 18,650 ಸಲ್ಲುವುದು; ಆದಕಾರಣ ಆ ಸರ್ಪವು ಇವನ ಕೈಯಿಂದ ಸಾಯುವಂತಿಲ್ಲ. ಬಹುಮಾನಕ್ಕೆ ಹೆದರಿ ಪರಾಕ್ರಮವನ್ನು ಬಿಟ್ಟ ವೀರರು ಪುರಾಣಗಳಲ್ಲಿ ವಿರಳ.

ಇನ್ನೊಂದು ಭಯವುಂಟು. ಕತ್ತಿಯನ್ನು ಯಾವ ರೀತಿಯಲ್ಲಿ ಬೀಸಬೇಕೆಂಬುದನ್ನು ಆಟಗಾರನೇ ಆರಿಸಬೇಕು. ಬಲದ ರೀತಿಗೂ ರಕ್ಷಣೆಯ ರೀತಿಗೂ ನಡುವೆ ಇರುವುದು ಬೆರಳಿನ ಒಂದು ಒತ್ತು. ಮೈಮರೆತು ರಕ್ಷಣೆಯ ರೀತಿಯಲ್ಲಿ ಕಾದಿದರೆ, 83 ಅನುಭವಾಂಕಗಳಿಗೆ ಎರಡನೆಯ ಮಟ್ಟ. ನಾಲ್ಕರಂತೆ ಎಣಿಸಿದರೆ ಇಪ್ಪತ್ತೊಂದು ಅಂಕಗಳ ಪೆಟ್ಟು ಸಾಕು. ಬಲ 99 ಇರುವವನಿಗೆ ಅದು ಒಳ್ಳೆಯ ಕತ್ತಿಯ ಒಂದೆರಡು ಬೀಸಿನ ಕೆಲಸ. ರಕ್ಷಣೆಯ ಒಂದು ಮಟ್ಟಕ್ಕೆ ಕಾಲು ಅಂಕ. 73.925ಕ್ಕೆ 0.25 ಸೇರಿ 74.175. ತಿಂಗಳುಗಟ್ಟಲೆ ಕಾಪಾಡಿದ 73 ಕ್ಷಣದಲ್ಲಿ 74 ಆಯಿತು! ಇಷ್ಟು ಸಣ್ಣ ವಿಷಯಕ್ಕೆ ಎದೆಗುಂದುವವರುಂಟೆ ಎಂದು ಕೇಳುವವರು, ತೃತೀಯವರ್ಗದ ಅಂಚಿನಲ್ಲಿ ಅರ್ಧ ಅಂಕದಿಂದ ಜಾರಿದ ಹುಡುಗನ ತಂದೆಯನ್ನು ಕಾಣಬಹುದು.

ಮಂತ್ರವಿದ್ಯೆಯ ಮಾತು ಇನ್ನೂ ಬಿಟ್ಟಿದೆ. ಮೂರರಲ್ಲಿ ದೊಡ್ಡದೊಂದನ್ನೇ ಹಿಡಿಯುವುದರಿಂದ, ಇದೇ ಎರಡನೆಯವನು ಕಾದದೆಯೇ, ವಸ್ತುಗಳನ್ನು ಹೊನ್ನಾಗಿಸುವ ಮಂತ್ರವನ್ನು ಜಪಿಸುತ್ತ ಮಂತ್ರವಿದ್ಯೆಯನ್ನೂ 99ಕ್ಕೆ ಒಯ್ದರೆ, ಅದರ ಬೆಲೆ 148ರ 0.325, ಅಂದರೆ 48.1, 51.675ಕ್ಕಿಂತ ಕಡಿಮೆ. ಈ ಬಗೆಯ ಜಪದಿಂದ ಪ್ರಾಣವೂ ಏರದು. ಯುದ್ಧಾಂಕ ಮೊದಲಿನ 73ರಲ್ಲಿಯೇ ನಿಲ್ಲುವುದು. ಒಬ್ಬನ ಸಂಚಿಯಲ್ಲಿರುವ ಒಂದು ಇಡೀ ಶಾಸ್ತ್ರವನ್ನು ತಕ್ಕಡಿಯು ಕಾಣಲೇ ಇಲ್ಲ.

ಇದನ್ನು ವಂಚನೆಯೆನ್ನಬೇಕೆ? ಹಾಗೆನ್ನುವುದು ಕಷ್ಟ. ಸೂತ್ರವನ್ನು ಅವನು ಬರೆದವನಲ್ಲ, ಮುರಿದವನೂ ಅಲ್ಲ, ಬಚ್ಚಿಟ್ಟದ್ದೂ ಇಲ್ಲ. ಎಲ್ಲರಿಗೂ ತೆರೆದಿಟ್ಟ ಪುಸ್ತಕವನ್ನು ಅವನು ಉಳಿದವರಿಗಿಂತ ಎಚ್ಚರದಿಂದ ಓದಿದನು. ಆದರೂ ಯೋಧನನ್ನು ವರ್ಣಿಸಲೆಂದು ಹುಟ್ಟಿದ ಅಂಕವು ಯೋಧನನ್ನೇ ತನ್ನ ಅಳತೆಗೆ ಕತ್ತರಿಸಿ ನಿಲ್ಲಿಸಿತೆಂಬುದನ್ನು ಅಲ್ಲಗಳೆಯಲಾಗದು. ಭೀಷ್ಮನ ಗುಪ್ತಸೂತ್ರದಿಂದ ಕರ್ಣನಿಗೆ ಅನ್ಯಾಯವಾಗಿರಬಹುದು. ಆದರೆ ಅರ್ಧರಥನೆನ್ನಿಸಿಕೊಳ್ಳುವುದಕ್ಕಾಗಿ ಕರ್ಣನು ಕವಚವನ್ನು ಕಳಚಿದವನಲ್ಲ. ಇಂದ್ರನು ಬೇಡಿದನು, ಅವನು ಕೊಟ್ಟನು.

ಐದನೆಯ ಮೆಟ್ಟಿಲಿನ ಕಾಡಿನಲ್ಲಿ ಒಬ್ಬ 73ರವನಿಗೆ ಇನ್ನೊಬ್ಬ 73ರವನು ಎದುರಾದರೆ, ಅಂಕವು ಹಳದಿಯ ಬಣ್ಣದಲ್ಲಿ ಕಾಣಿಸುವುದು. ಅದು ಸಮಬಲದ ಬಣ್ಣ. ಹೊಸಬನು ಅಷ್ಟಕ್ಕೇ ಧೈರ್ಯಗೊಂಡು ಕತ್ತಿ ಹಿರಿಯುವನು. ಪಳಗಿದವನು ಅಂಕವನ್ನು ಓದಿ, ಬಂದವನ ಮೈಮೇಲೆ ಕವಚವುಂಟೇ ಎಂದು ನೋಡುವನು. ಇಲ್ಲವೆಂದು ಕಂಡರೆ ದಕ್ಷಿಣದ ಗಡಿಯತ್ತ ಓಡುವನು.